ಹೂ ಮುಡಿಯದ ಕೋವಿ

ಮಲೆ ಮಹದೇಶ್ವರ ಬೆಟ್ಟದಿಂದ ಪಾಲಾರ್ ದಾಟಿ ಮೆಟ್ಟೂರಿಗೆ ಹೋಗುವ ಬಸ್ಸಿನಲ್ಲಿ ಎಡಗಡೆಯ ಕಿಟಕಿಗೆ ಪೈಪೋಟಿ ಜಾಸ್ತಿ. ಕಾವೇರಿ ಆ ಕಡೆಗೇ ಇದ್ದಾಳೆ. ಮೊದಲು ಹೊಳೆಯಾಗಿ ಕಾಣುತ್ತಾಳೆ, ಆಮೇಲೆ 1934ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರಾಗಿ ಅಗಲಿಸಿಕೊಂಡು ಬಿದ್ದಿರುತ್ತಾಳೆ. ನಾನು ಬಲಗಡೆ ಕೂತೆ. ಗೋವಿಂದಪಾಡಿ ಕಳೆದ ಮೇಲೆ ಅತ್ತ ಕಡೆ ಎದ್ದು ನಿಲ್ಲುವುದೇ ಪಾಲಮಲೆ. ಮೇಲೆ ಸಿದ್ಧೇಶ್ವರನ ಗುಡಿ, ಅಲ್ಲಲ್ಲಿ ಚೆದುರಿದ ಹಟ್ಟಿಗಳು, ಕೆಳಗೆ ಕೊಳತ್ತೂರಿನ ಬಯಲು. ಜಿಲ್ಲೆ ಸೇಲಂ. ಆದರೆ ಇಲ್ಲಿನ ಮೆಟ್ಟೂರು ವಿಧಾನಸಭಾ ಕ್ಷೇತ್ರ ಸೇರಿರುವುದು ಧರ್ಮಪುರಿ ಲೋಕಸಭಾ ಕ್ಷೇತ್ರಕ್ಕೆ.

ಗುಡಿ ನೋಡುವ ಭಕ್ತಿಯಿಂದ ಬಂದವನಲ್ಲ ನಾನು. ನನಗೆ ಚಿಕ್ಕಂದಿನಿಂದ ಕೋವಿಯ ಹುಚ್ಚು. ಮಲೆನಾಡಿನ ನಮ್ಮ ಮನೆಯಲ್ಲಿ ಅಪ್ಪನಿಂದ ಬಂದ ಹನ್ನೆರಡು ಬೋರಿನ ಒಂಟಿನಳಿಗೆ ತೋಟಾ ಕೋವಿ ಇದೆ, ಲೈಸೆನ್ಸ್ ನನ್ನ ಹೆಸರಿಗಾಗಿದೆ. ಅದಕ್ಕೂ ಹಿಂದಿನದು, ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಮಲೆನಾಡಿನಲ್ಲಿ ಈಗ ಗೋಡೆಯ ಅಲಂಕಾರ. ಅದು ಇಂದಿಗೂ ಜೀವಂತವಾಗಿರುವ ಸೀಮೆ ಇದು ಎಂದು ಕೇಳಿದ್ದೆ. ಜೀವಂತ ಅಂದರೆ ಏನರ್ಥ ಎಂಬುದು ಬೆಟ್ಟ ಹತ್ತಿದ ಮೇಲೆ ತಿಳಿಯಿತು. ನನ್ನ ಕೋವಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ ಎಂದು ಬೇರೆ ಹೇಳಬೇಕಿಲ್ಲ. ನನ್ನ ಲೈಸೆನ್ಸಿನ ವ್ಯಾಪ್ತಿ ಕರ್ನಾಟಕದ ಗಡಿಗೇ ಮುಗಿಯುತ್ತದೆ.

ಕೊಳತ್ತೂರಿನ ಸುತ್ತಮುತ್ತ ನಡೆದರೆ ನೆಲದ ತುಂಬ ಮದ್ದಿನ ವಾಸನೆಯ ಚರಿತ್ರೆ. ಪುಲಿಯೂರು ಪಿರಿವು ಎಂಬ ಕವಲುದಾರಿಯೊಂದಿದೆ. ಹೆಸರಿನ ಹುಲಿ ಕಾಡಿನದಲ್ಲ, 1980ರ ದಶಕದಲ್ಲಿ ಎಲ್‌ಟಿಟಿಇಯ ತರಬೇತಿ ಶಿಬಿರ ನಡೆದದ್ದು ಇಲ್ಲೇ. ಹಿನ್ನೀರಿನ ಕಡೆಗೆ ಮೂಲಕಾಡು. ಅಲ್ಲಿ ವೀರಪ್ಪನ್ ಸಮಾಧಿ. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯಲ್ಲಿ ಗುಂಡಿಗೆ ಬಲಿಯಾದವನನ್ನು ಇಲ್ಲಿ ತಂದು ಹೂತರು. ಆತ ಶುರುಮಾಡಿದ್ದು ನಾಡಕೋವಿಯಿಂದಲೇ ಎಂಬುದು ಈ ಕಡೆಯ ಮಾತು. 1992ರ ಮೇ ತಿಂಗಳಲ್ಲಿ ನಮ್ಮ ರಾಮಾಪುರ ಪೊಲೀಸ್ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದು ಬಂದೂಕು ಹೊತ್ತೊಯ್ದ ಮೇಲೆ ಆ ಕತೆ ಬೇರೆಯಾಯಿತು. ಮರು ವರ್ಷ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ 22 ಜನ ಸತ್ತರು. ಸಮಾಧಿಯ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ಕೋವಿಯ ಹುಚ್ಚಿರುವವರಿಗೆ ಆತನ ಮೇಲೆ ಒಂದು ಕಳ್ಳ ಮೆಚ್ಚುಗೆ ಇರುತ್ತದೆಂದು ಜನ ಅಂದುಕೊಳ್ಳುತ್ತಾರೆ. ನನಗಿಲ್ಲ. ಈ ಬೆಟ್ಟಗಳಲ್ಲಿ ರಾಗಿ ಕಾಯಲು ಕೋವಿ ಹಿಡಿದವರನ್ನೆಲ್ಲ ಕಳ್ಳರ ಸಾಲಿಗೆ ಸೇರಿಸಿಬಿಟ್ಟದ್ದು ಅವನ ಕಾಲವೇ.

ಕಣ್ಣಾಮೂಚ್ಚಿಯಿಂದ ಮೇಲಕ್ಕೆ ದಾರಿ. ಊರು ದಾಟುವಾಗ ಬೇಲಿಯ ಮೇಲೆ ಅಗ್ನಿಶಿಖೆ ಹಬ್ಬಿ ಹೂ ಬಿಟ್ಟಿತ್ತು, ಕೆಂಪು ಹಳದಿಯ ಉರಿ ನಾಲಗೆಗಳ ಹಾಗೆ. ತಮಿಳರಿಗೆ ಇದು ಸೆಂಗಾಂದಳ್, ಅವರ ರಾಜ್ಯಪುಷ್ಪ. ಕೊಡಗಿನಲ್ಲಿ ಇದರ ಹೆಸರು ತೋಕ್ ಪೂ, ಕೋವಿಯ ಹೂ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಲ್ಲಿ ಕೊಡವರು ಆಯುಧಗಳನ್ನು ತೊಳೆದು ಒರೆಸಿ ಸಾಲಾಗಿಟ್ಟು, ಕೋವಿಯ ನಳಿಗೆಯ ಬಾಯಿಗೆ ಈ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಪುತ್ತರಿಯಲ್ಲಿ ಕದಿರು ಕೊಯ್ಯುವ ಮೊದಲು ಒಂದು ಈಡು. ಕೋವಿ ಅಲ್ಲಿ ಮನೆಯ ಸದಸ್ಯ.

ಆ ಸದಸ್ಯನಿಗೆ ಲೈಸೆನ್ಸ್ ಬೇಕಿಲ್ಲ ಎಂಬುದು ಎಷ್ಟು ಜನರಿಗೆ ಗೊತ್ತೋ. 1861ರಲ್ಲಿ ಬ್ರಿಟಿಷ್ ಸರ್ಕಾರ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಆಯುಧ ಕಾನೂನಿನಿಂದ ಕೊಟ್ಟ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಉಳಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಪ್ರಶ್ನಿಸಿದವರಿದ್ದರು; ನಮ್ಮ ಹೈಕೋರ್ಟ್ 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೊಡಗಿನವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ ಅನ್ನಿ. ಆದರೆ ಅದೇ ಕಾವೇರಿಯ ಇಳಿಜಾರಿನಲ್ಲಿ, ಅದೇ ಹೂ ಬಿಡುವ ಬೇಲಿಯ ಪಕ್ಕ, ಅದೇ ಬಗೆಯ ಕೋವಿ ಜೈಲಿನ ಸಾಮಾನು. ಹತ್ತುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದೇ ಇತ್ತು.

ಅರ್ಧ ದಾರಿಯಲ್ಲಿ ಹುಣಸೆಮರದ ನೆರಳಿಗೆ ಒಬ್ಬರು ಹಿರಿಯರು ಕೂತಿದ್ದರು. ಬೆಟ್ಟದವರು. ನನ್ನ ತಮಿಳು ಕೇಳಿ ನಕ್ಕು, "ಕನ್ನಡದಲ್ಲೇ ಮಾತಾಡಿ ಸಾಮಿ, ನಮ್ಮವ್ವ ಹನೂರು ಕಡೆಯೋಳು" ಅಂದರು. ಬೆಳೆ, ಮಳೆ, ಮಾದಪ್ಪನ ತೇರು ಎಲ್ಲ ಆದ ಮೇಲೆ ಮೆಲ್ಲಗೆ ಕೇಳಿದೆ, "ತಾತ, ಮೊದಲೆಲ್ಲ ಇಲ್ಲಿ ಕೋವಿ ಇದ್ದವಂತಲ್ಲ?"

"ಇದ್ದೊ" ಅಂದರು. ಈ ಬೆಟ್ಟದಲ್ಲಿ ಕೋವಿಗೆ ಭೂತಕಾಲ ಒಂದೇ. ಯಾರನ್ನು ಕೇಳಿದರೂ 'ಇತ್ತು', 'ಇದ್ದವು'. 'ಇದೆ' ಎನ್ನುವವರು ಸಿಗುವುದಿಲ್ಲ.

ಆದರೆ ಭೂತಕಾಲದಲ್ಲಿ ಅವರು ಕೊಟ್ಟ ವಿವರಣೆಗೆ ಯಾವ ಕೋವಿ ಅಂಗಡಿಯವನೂ ಸಾಟಿಯಲ್ಲ. ಕಪ್ಪು ಮದ್ದೆಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಮೊದಲು ಮದ್ದು, ಮೇಲೆ ತೆಂಗಿನ ನಾರಿನ ಉಂಡೆ, ಗಜದಿಂದ ಜಡಿದು, ಆಮೇಲೆ ಚರೆ, ಅದರ ಮೇಲೆ ಇನ್ನೊಂದು ಉಂಡೆ. ಹಿಂದೆ ಮೊಲೆಯ ಮೇಲೆ ಕೇಪು, ಕುದುರೆ ಎತ್ತಿದರೆ ಸಿದ್ಧ. ಇಷ್ಟಕ್ಕೆ ಪಳಗಿದ ಕೈಗೂ ಒಂದು ನಿಮಿಷ ಹಿಡಿಯುತ್ತದೆ. ಹಾಗಾಗಿ ಇರುವುದು ಒಂದೇ ಈಡು. ತಪ್ಪಿದರೆ ಹಂದಿಯೂ ಇಲ್ಲ, ಹೊಗೆಯಲ್ಲಿ ಎದುರಿಗಿದ್ದ ಮರವೂ ಇಲ್ಲ. ಮಳೆಗಾಲದಲ್ಲಿ ಮದ್ದು ತೇವ ಹಿಡಿದರೆ ಕೇಪು ಮಾತ್ರ ಚಟ್ ಎನ್ನುತ್ತದೆ. "ಹಂದಿಗೆ ಅದು ಗೊತ್ತಾಯ್ತದ ಸಾಮಿ, ನಿಂತು ನೋಡ್ಕಂಡು ಹೋಯ್ತದ."

ನಾನು ನನ್ನ ತೋಟಾಗಳ ಬಗ್ಗೆ ಹೇಳಿದೆ. ಹನ್ನೆರಡು ಬೋರ್ ಅಂದರೆ ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮ ಗುಂಡು ಎರೆದರೆ ಒಂದೊಂದೂ ಕೂರುವಷ್ಟು ನಳಿಗೆಯ ಬಾಯಿ ಎಂಬ ಲೆಕ್ಕ ಕೇಳಿ ಅವರಿಗೆ ಖುಷಿಯಾಯಿತು. ಹಕ್ಕಿಗೆ ನಾಲ್ಕನೇ ನಂಬರಿನ ಸಣ್ಣ ಚರೆ, ಹಂದಿಗೆ ಎಸ್‌ಜಿ ಇಲ್ಲವೇ ಎಲ್‌ಜಿ ಎಂಬ ದಪ್ಪ ಚರೆ. ಹಂದಿಗೆ ಸಣ್ಣ ಚರೆ ಹಾರಿಸುವವನು ಗಾಯದ ಹಂದಿಯನ್ನು ಊರಿನ ಮೇಲೆ ಬಿಟ್ಟಂತೆ. ಈ ಕಡೆ ಚರೆಗೆ ನಂಬರಿಲ್ಲ, ಕೈಗೆ ಸಿಕ್ಕ ಸೀಸವೇ ನಂಬರ್. ಇನ್ನೊಂದು ವ್ಯತ್ಯಾಸ ನಾನು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಕೋವಿಯ ನಳಿಗೆ ಪರೀಕ್ಷೆಯ ಈಡು ತಡೆದು ಪ್ರೂಫ್ ಮುದ್ರೆ ಹೊಡೆಸಿಕೊಂಡು ಬಂದದ್ದು. ಕದ್ದುಮುಚ್ಚಿ ಮಾಡಿದ ಕೋವಿಗೆ ನೀರಿನ ಪೈಪೂ ನಳಿಗೆಯೇ. ಅದು ಎಂದು ಒಡೆದು ಹಾರಿಸಿದವನ ಬೆರಳು ತೆಗೆಯುತ್ತದೋ ಹೇಳಲಾಗದು. ತಾತನ ಎಡಗೈಯ ಎರಡು ಬೆರಳು ಗಿಡ್ಡವಾಗಿದ್ದವು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಹಿನ್ನೀರಿನಾಚೆ ಧರ್ಮಪುರಿ ಜಿಲ್ಲೆ, ಪೆನ್ನಾಗರಂ ಕಡೆಯ ಗುಡ್ಡಗಳು. ಅದೆಲ್ಲ ಒಟ್ಟಾಗಿ ಸೇಲಂ ಜಿಲ್ಲೆಯಾಗಿದ್ದ ಕಾಲದಲ್ಲಿ, ಅಂದರೆ 1965ಕ್ಕೆ ಮೊದಲು, ಬೆಂಗಳೂರಿನ ಕೆನೆತ್ ಆಂಡರ್ಸನ್ ಬಿಡುವಾದಾಗಲೆಲ್ಲ ಅಲ್ಲಿಗೆ ಓಡಿಬರುತ್ತಿದ್ದ. ತೇಜಸ್ವಿಯವರ ಕಾಡಿನ ಕತೆಗಳ ಮೂಲಕ ಕನ್ನಡದವನೇ ಆಗಿಹೋದ ಆಂಡರ್ಸನ್. ಅವನ ಕೈಯಲ್ಲಿ .405 ವಿಂಚೆಸ್ಟರ್, ಜಾನ್ ಬ್ರೌನಿಂಗ್ ರೂಪಿಸಿದ 1895ರ ಮಾದರಿ. ಕೆಳಗಿನ ಲಿವರ್ ಜಗ್ಗಿದರೆ ಮುಂದಿನ ತೋಟಾ ತಾನೇ ಬಂದು ಕೂರುವ ಯಂತ್ರ. ತೋಟಾದ ಗುಂಡು 300 ಗ್ರೇನ್ ತೂಗುತ್ತದೆ. ಅಮೆರಿಕದ ಅಧ್ಯಕ್ಷನಾಗಿದ್ದ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಸಿಂಹದ ಬೇಟೆಗೆ ಒಯ್ದದ್ದೂ ಇದನ್ನೇ. ಇಂಥ ಬಂದೂಕಿನ ಆಂಡರ್ಸನ್‌ನಿಗೆ ಚಿನ್ನಾರ್ ಹಳ್ಳದ ದಡದಲ್ಲಿ ಹಳೆಯ ಮದ್ದಿನ ಕೋವಿ ಹಿಡಿದು ಕದ್ದು ಬೇಟೆಗೆ ಕೂತಿದ್ದ ಬೈರ ಪೂಜಾರಿ ಸಿಕ್ಕಿದ. ಹಿಡಿದು ಕೊಡಬಹುದಿತ್ತು. ಕೊಡಲಿಲ್ಲ, ಸ್ನೇಹ ಮಾಡಿದ. ಅವನ 1954ರ ಮೊದಲ ಪುಸ್ತಕದಲ್ಲಿ ಬೈರನಿಗೆಂದೇ ಒಂದು ಅಧ್ಯಾಯವಿದೆ. ಆ ಅಧ್ಯಾಯವನ್ನು ಶಾಲೆಯಲ್ಲಿದ್ದಾಗ ಓದಿ ನಾನು ವಿಂಚೆಸ್ಟರಿನ ಕನಸು ಕಂಡವನು. ಪಾಲಮಲೆಯಲ್ಲಿ ನಿಂತಾಗ ನೆನಪಾದದ್ದು ಬೈರನ ಕೋವಿ. ಬೇಟೆಯ ಪರವಾನಗಿ ಇದ್ದವನು ಲೇಖಕನಾದ, ಇಲ್ಲದವನು ಅವನ ಪುಸ್ತಕದ ಪಾತ್ರವಾದ.

ಕಾನೂನು ಹೇಳುವುದನ್ನು ಸರಿಯಾಗಿ ಓದಬೇಕು. 1959ರ ಆಯುಧ ಕಾಯ್ದೆಯ 13ನೇ ಕಲಮಿನ 3ನೇ ಉಪಕಲಮು ಬೆಳೆ ಕಾಯಲು ಬಾಯಿಂದ ತುಂಬುವ ಕೋವಿ ಬೇಕೆಂದು ಪ್ರಾಮಾಣಿಕವಾಗಿ ಕೇಳುವ ಪ್ರಜೆಗೆ ಲೈಸೆನ್ಸ್ 'ಕೊಡತಕ್ಕದ್ದು' ಎನ್ನುತ್ತದೆ. ಕೊಡಬಹುದು ಎಂದಲ್ಲ. ತಕರಾರಿರುವವರಿಗೆ ನಿರಾಕರಿಸುವ ದಾರಿ ಮುಂದಿನ ಕಲಮಿನಲ್ಲಿ ಬೇರೆಯಾಗಿದೆ. ಅಂದರೆ ಕಾಯ್ದೆ ಬರೆದವರ ಕಣ್ಣ ಮುಂದೆ ಈ ತಾತನಂಥವರೇ ಇದ್ದರು. ಆಮೇಲೆ 1972ರ ವನ್ಯಜೀವಿ ಕಾಯ್ದೆ ಬಂತು: ಅಭಯಾರಣ್ಯದಿಂದ ಹತ್ತು ಕಿಲೋಮೀಟರಿನೊಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಅಭಯಾರಣ್ಯಗಳು ಈ ಸೀಮೆಯಲ್ಲಿ ಒಂದರ ಹಿಂದೆ ಒಂದು ಹುಟ್ಟಿದವು. 2013ರಲ್ಲಿ ನಮ್ಮ ಮಲೆ ಮಹದೇಶ್ವರ, 2022ರಲ್ಲಿ ತಮಿಳುನಾಡಿನ ಕಾವೇರಿ ದಕ್ಷಿಣ, 2024ರಲ್ಲಿ ಈರೋಡು ಜಿಲ್ಲೆಯ ತಂದೈ ಪೆರಿಯಾರ್. ಕಾಡು ಉಳಿಯಲಿ, ನನ್ನ ತಕರಾರಿಲ್ಲ. ಆದರೆ ಬೆಳೆಗೆ ಹಂದಿ ನುಗ್ಗುವುದು ಕಾಡಿನ ಅಂಚಿನಲ್ಲೇ, ಲೈಸೆನ್ಸ್ ಸಿಗದಿರುವುದೂ ಅದೇ ಅಂಚಿನಲ್ಲೇ.

2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದ ಕೋವಿ ಇಟ್ಟುಕೊಂಡವನಿಗೆ ಎರಡರಿಂದ ಐದು ವರ್ಷ, ಮಾಡಿಕೊಟ್ಟವನಿಗೆ ಏಳು ವರ್ಷದಿಂದ ಜೀವಾವಧಿ. ಪೊಲೀಸರೂ ಅರಣ್ಯ ಇಲಾಖೆಯವರೂ ಆಗಾಗ ಹಳ್ಳಿಗೆ ಬಂದು ಕೋವಿ ತಂದೊಪ್ಪಿಸಿ, ಕೇಸು ಹಾಕುವುದಿಲ್ಲ ಎನ್ನುತ್ತಾರೆ. ಜನ ರಾತ್ರಿ ತಂದು ಊರ ಹೊರಗೆ ಬಿಟ್ಟುಹೋಗುತ್ತಾರೆ. ಬೆಳಿಗ್ಗೆ ನೋಡಿದರೆ ಯಾರದ್ದೂ ಅಲ್ಲದ ಕೋವಿಗಳು. ಹೂ ಮುಡಿಸುವವರಿಲ್ಲ, ಮಹಜರು ಬರೆಯುವವರಷ್ಟೇ.

ಹಂದಿಯ ಮಾತಿಗೆ ಬರೋಣ. ಕೇರಳ 2022ರಲ್ಲಿ ಬೆಳೆ ನಾಶಮಾಡುವ ಹಂದಿಯನ್ನು ಹೊಡೆಸುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ಕೊಟ್ಟಿತು. ಕಾಸರಗೋಡಿನ ನಮ್ಮವರ ತೋಟಗಳಿಗೆ ಲೈಸೆನ್ಸಿನ ಕೋವಿಯವರು ಹೇಳಿಕೆಯ ಮೇಲೆ ಬರುತ್ತಾರೆ. ತಮಿಳುನಾಡು 2025ರ ಜನವರಿಯಲ್ಲಿ ತಂದ ಕ್ರಮದಲ್ಲಿ ಮೀಸಲು ಅರಣ್ಯದಿಂದ ಒಂದು ಕಿಲೋಮೀಟರಿನೊಳಗೆ ಹೊಡೆಯುವಂತಿಲ್ಲ, ಮೂರರವರೆಗೆ ಹಿಡಿದು ಬಿಡಬೇಕು, ಅದರಾಚೆ ಮಾತ್ರ ಇಲಾಖೆಯವರು ಗುಂಡು ಹಾರಿಸಬಹುದು. ಪಾಲಮಲೆಯ ಹಟ್ಟಿಯ ಹಿತ್ತಿಲೇ ಕಾಡು. ತಾತನಿಗೆ ಇದನ್ನು ವಿವರಿಸಿದೆ. "ಹಂಗಾರೆ ಹಂದಿನ ಮೂರು ಕಿಲೋಮೀಟರ್ ಕೆಳಕ್ಕ ಕರಕಂಡು ಹೋಗ್ಬೇಕು" ಅಂದರು.

ನಗುವಿನ ಆಚೆ ಇನ್ನೊಂದಿದೆ. 2023ರ ಫೆಬ್ರವರಿಯಲ್ಲಿ ಪಾಲಾರ್ ಹೊಳೆಯ ಬಳಿ ಬೇಟೆಗೆ ಬಂದವರೆಂದು ಕರ್ನಾಟಕದ ಅರಣ್ಯ ಸಿಬ್ಬಂದಿ ಗುಂಡು ಹಾರಿಸಿದರು. ಗೋವಿಂದಪಾಡಿಯ ಒಬ್ಬನ ಹೆಣ ಮೂರು ದಿನದ ಮೇಲೆ ಹೊಳೆಯಲ್ಲಿ ತೇಲಿತು. ಗಡಿಯಲ್ಲಿ ಬಸ್ಸು ನಿಂತವು. ನಾನು ಬಂದದ್ದು ಅದೇ ದಾರಿಯ ಬಸ್ಸಿನಲ್ಲಿ. ಬೇಟೆಯನ್ನು ನಾನು ಸಮರ್ಥಿಸುವುದಿಲ್ಲ. ರಾಗಿ ಕಾಯುವುದು ಬೇರೆ, ಜಿಂಕೆ ಮಾಂಸ ಮಾರುವುದು ಬೇರೆ. ಎಲ್ಲ ಕೋವಿಯೂ ಕತ್ತಲಲ್ಲೇ ಇದ್ದರೆ ಯಾವ ಕೋವಿ ಯಾವುದಕ್ಕೆ ಎಂದು ಹೇಳುವವರು ಯಾರು? ಲೈಸೆನ್ಸ್ ಪುಸ್ತಕದಲ್ಲಿ ನಂಬರಿರುವ ಕೋವಿಗೆ ಯಜಮಾನನೊಬ್ಬ ಇರುತ್ತಾನೆ, ಠಾಣೆಗೆ ಉತ್ತರ ಕೊಡುವವನು.

ಲೈಸೆನ್ಸ್ ಇದ್ದವರ ಪಾಡೂ ಸುಖದ್ದೇನಲ್ಲ. ಪ್ರತಿ ಚುನಾವಣೆಗೂ ನಾನು ಕೋವಿ ಒಯ್ದು ಠಾಣೆಯೊಂದರಲ್ಲಿ ಇಟ್ಟು ಬರಬೇಕು. ಒಮ್ಮೆ ವಾಪಸು ತಂದಾಗ ನಳಿಗೆಯೊಳಗೆ ತುಕ್ಕು, ಕುಂದದ ಮೇಲೆ ಯಾರೋ ಟೀ ಲೋಟ ಇಟ್ಟ ಗುರುತು. ಅಪ್ಪ ಅಗಸೆ ಎಣ್ಣೆ ತಿಕ್ಕಿ ಸಾಕಿದ ಮರ ಅದು. ಎಲ್ಲರಿಂದಲೂ ಕಣ್ಣುಮುಚ್ಚಿ ಕೋವಿ ಇಡಿಸಿಕೊಳ್ಳಬಾರದು, ಒಬ್ಬೊಬ್ಬರ ವಿಷಯ ನೋಡಿ ತೀರ್ಮಾನಿಸಬೇಕು ಎಂದು ಹೈಕೋರ್ಟುಗಳು ಹೇಳಿವೆ. ಆ ಮಾತು ನಮ್ಮ ಕಡೆ ಇನ್ನೂ ದಾರಿಯಲ್ಲಿದೆ.

ಇಷ್ಟೆಲ್ಲ ಹೇಳಿಕೊಂಡ ಮೇಲೆ ತಾತ ಕೇಳಿದ್ದು ಒಂದೇ. "ಆ ಕಾಗ್ದ ಹೆಂಗಿರ್ತದ ಸಾಮಿ? ನಾನು ನೋಡೇ ಇಲ್ಲ." ಮೊಬೈಲಿನಲ್ಲಿದ್ದ ನನ್ನ ಲೈಸೆನ್ಸಿನ ಫೋಟೊ ತೋರಿಸಿದೆ. ಗಿಡ್ಡ ಬೆರಳುಗಳ ಕೈಯಲ್ಲಿ ಹಿಡಿದು, ಬಿಸಿಲಿಗೆ ಮರೆಮಾಡಿಕೊಂಡು, ಕನ್ನಡ ಇಂಗ್ಲಿಷ್ ಎರಡೂ ಓದಲು ಬಾರದ ಅವರು ಬಹಳ ಹೊತ್ತು ನೋಡಿದರು.

ಹೊಸ ಲೈಸೆನ್ಸಿಗೆ ತುಂಬಬೇಕಾದದ್ದು 2016ರ ಆಯುಧ ನಿಯಮಗಳ ಎ-1 ನಮೂನೆ. ಸೇಲಂ ಕಲೆಕ್ಟರ್ ಕಚೇರಿಯವರೇ, ಆ ನಮೂನೆಯ ಒಂದು ಕಟ್ಟು, ಬರೆದುಕೊಡಲು ಒಬ್ಬ ಗುಮಾಸ್ತ, ಪಕ್ಕದಲ್ಲಿ ಅರಣ್ಯ ಇಲಾಖೆಯ ಒಬ್ಬರನ್ನು ಕರೆದುಕೊಂಡು ಒಂದು ದಿನ ಕಣ್ಣಾಮೂಚ್ಚಿಯಲ್ಲಿ ಬಂದು ಕೂರಿ. ಬೆಟ್ಟದವರು ಇಳಿದು ಬರುತ್ತಾರೆ.