ಉಮರ್ಗಾ, ನಿಲಂಗಾ, ಉದಗೀರದ ಮನೆಗಳಲ್ಲಿ ಹಾಡು ದಾಖಲಿಸಲು ಮೈಕ್ ಆಯ್ಕೆ

ನನ್ನ ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ. ಮೈಕಿನ ಬಗ್ಗೆ ಮಾತಾಡುವವರ ಮೈಕೇ ಕೈಕೊಟ್ಟರೆ ನಗೆಪಾಟಲು.

ಕ್ಷೇತ್ರಕಾರ್ಯಕ್ಕೆ ಹೊರಟ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ, ‘ಯಾವ ಮೈಕ್ ತಗೊಳ್ಳಲಿ?’ ಅನ್ನೋದು. ಅಂಗಡಿಯವರು ಕೊಡುವ ಉತ್ತರ, ಯೂಟ್ಯೂಬಿನಲ್ಲಿ ಸಿಗುವ ಉತ್ತರ ಎಲ್ಲವೂ ಸ್ಟುಡಿಯೋದಂಥ ಒಂದು ಕೋಣೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತವೆ. ನಾವು ಹೋಗುವ ಮನೆಗಳು ಹಾಗಿಲ್ಲ. ಅಲ್ಲಿ ಮೈಕಿನ ಬೆಲೆಗಿಂತ ಬಾಯಿಗೂ ಮೈಕಿಗೂ ನಡುವಿನ ದೂರ ದೊಡ್ಡದು. ಯಾವ ಮೈಕನ್ನು ಆ ಮನೆಯಲ್ಲಿ, ಆ ಹಾಡುವವರ ಬಾಯಿಗೆ ಹತ್ತಿರ ಇಡೋಕೆ ಸಾಧ್ಯವೋ ಅದೇ ಸರಿಯಾದ ಮೈಕ್. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ಜಾಗದ ಬಗ್ಗೆ. 1956ರ ನವೆಂಬರ್ 1ರ ತನಕ ನಿಲಂಗಾ, ಉದಗೀರ ಎರಡೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲೂಕುಗಳು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯದು. ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಕಡೆಯ ಊರುಗಳು ಮುಂಬಯಿ ರಾಜ್ಯಕ್ಕೆ, ಆಮೇಲೆ ಮಹಾರಾಷ್ಟ್ರಕ್ಕೆ ಸೇರಿದವು. ಗೆರೆ ಆಚೆ ಹೋಯ್ತು, ಬೀಗತನ ಹೋಗಲಿಲ್ಲ. ಔರಾದ, ಭಾಲ್ಕಿ, ಬಸವಕಲ್ಯಾಣ, ಆಳಂದದಿಂದ ಸೊಸೆಯಾಗಿ ಬಂದವರು ತಮ್ಮ ಸೋಬಾನ, ತೊಟ್ಟಿಲ ಪದ, ಬೀಸುವ ಪದ ತಂದರು. ಅದೇ ಮನೆಯಲ್ಲಿ ಮನ್ಮಥಸ್ವಾಮಿಗಳ ಮರಾಠಿ ಅಭಂಗವೂ ನಡೀತದೆ. ನಾನು ಕೂತು ಬಂದ ಮನೆಗಳಲ್ಲಿ ಸಾಮಾನ್ಯವಾಗಿ ಕಂಡದ್ದು ಇಷ್ಟು: ಆಯಿ ಕನ್ನಡದಲ್ಲಿ ಹಾಡ್ತಾಳೆ, ಸೊಸೆಗೆ ಎರಡೂ ಬರ್ತದೆ, ಮೊಮ್ಮಗ ಅರ್ಥ ಮಾಡ್ಕೊಂಡು ಮರಾಠಿಯಲ್ಲಿ ಉತ್ತರ ಕೊಡ್ತಾನೆ. ಹಾಗಾಗಿ ‘ಇನ್ನೊಮ್ಮೆ ಬಂದು ರೆಕಾರ್ಡ್ ಮಾಡೋಣ’ ಅನ್ನುವ ಅನುಕೂಲ ನಮಗೆ ಬಹಳ ಸಲ ಇರೋದಿಲ್ಲ.

ಪಠ್ಯ ಬರ್ಕೊಂಡರೆ ಸಾಲದೇ ಅಂತ ಕೆಲವರು ಕೇಳ್ತಾರೆ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದಾಗ ಅವರ ಸಾಧನ ಕಿವಿ ಮತ್ತು ಕಾಗದ. ಅದಕ್ಕೆ ನಾವೆಲ್ಲ ಋಣಿ. ಆದರೆ ಹಾಡಿದ ಹೆಂಗಸರು ಎಲ್ಲಿ ಉಸಿರು ತಗೊಂಡರು, ಯಾವ ಸ್ವರ ಎಳೆದರು ಅನ್ನೋದು ಆ ಪುಟಗಳಲ್ಲಿ ಇಲ್ಲ. ಮರಾಠಿಯಲ್ಲಿ ಹೇಮಾ ರಾಯಿರಕರ್, ಗೀ ಪ್ವಾತವ್ಯಾಂ ಅವರು ಕಟ್ಟಿದ ಬೀಸುಕಲ್ಲಿನ ಹಾಡಿನ ಸಂಗ್ರಹದಲ್ಲಿ 1 ಲಕ್ಷಕ್ಕೂ ಹೆಚ್ಚು ಹಾಡುಗಳಿವೆ. ಅವುಗಳಲ್ಲಿ ಧ್ವನಿಯಾಗಿ ಉಳಿದದ್ದು ಒಂದು ಭಾಗ ಮಾತ್ರ. ಆ ಭಾಗವನ್ನು ಕೇಳಿದವರಿಗೆ ಉಳಿದದ್ದು ಕೇಳಿಸದೇ ಹೋದ ನಷ್ಟ ಗೊತ್ತಾಗ್ತದೆ.

ನಮ್ಮ ಗಡಿಭಾಗದಲ್ಲಿ ಇನ್ನೂ ಒಂದು ಕಾರಣ ಇದೆ. ಮರಾಠಿಯಲ್ಲಿ ಬೀಸುಕಲ್ಲಿಗೆ ಜಾತಂ ಅಂತಾರೆ. ಆ ‘ಜಾ’ ಹಲ್ಲಿನ ಹತ್ತಿರ ಹುಟ್ಟುತ್ತದೆ. ಕುಲ ಅನ್ನುವ ಅರ್ಥದ ‘ಜಾತ್’ನಲ್ಲಿ ಇರೋದು ತಾಲವ್ಯ. ಬರಹದಲ್ಲಿ ಎರಡಕ್ಕೂ ಒಂದೇ ಅಕ್ಷರ. ಚಕಾರಕ್ಕೂ ಹೀಗೇ ಎರಡು ಉಚ್ಚಾರ. ಎರಡು ಭಾಷೆ ಬಲ್ಲ ಆಯಿ ಕನ್ನಡದ ಪದ ಹಾಡುವಾಗ ಯಾವ ಚ, ಯಾವ ಜ ಬಳಸ್ತಾಳೆ? ಭಾಷಾವಿಜ್ಞಾನದವರಿಗೆ ಇದು ಬಂಗಾರದಂಥ ಪ್ರಶ್ನೆ. ಸ, ಶ, ಚ ಇಂಥ ಧ್ವನಿಗಳ ಗುರುತು ಬಹುಪಾಲು ಎತ್ತರದ ಕಂಪನಾಂಕದ ಸಪ್ಪಳದಲ್ಲಿ ಇರ್ತದೆ. ಹಳೆಯ ಟೆಲಿಫೋನ್ ಲೈನು ಸುಮಾರು 3,400 ಹರ್ಟ್ಸ್‌ಗೇ ಮುಗಿಯುತ್ತಿತ್ತು. ಅದಕ್ಕೇ ಫೋನಿನಲ್ಲಿ ‘ಸ ಹೇಳಿದ್ರಾ, ಫ ಹೇಳಿದ್ರಾ’ ಅಂತ ಕೇಳಬೇಕಾಗ್ತಿತ್ತು. ನಮ್ಮ ದಾಖಲೆಯಲ್ಲಿ ಆ ಮೇಲಿನ ಭಾಗ ಸ್ವಚ್ಛವಾಗಿ ಉಳಿಯಬೇಕು. ಹಾಡಿನ ರುಚಿಗೂ ಅದು ಬೇಕು, ಸಂಶೋಧನೆಗೂ ಬೇಕು.

ಈಗ ಮೈಕಿಗೆ ಬರೋಣ. ಪೇಟೆಯಲ್ಲಿ ಸಿಗೋದು ಮುಖ್ಯವಾಗಿ ಎರಡು ಜಾತಿ. ಡೈನಾಮಿಕ್ ಮೈಕಿನಲ್ಲಿ ಪರದೆಗೆ ಅಂಟಿದ ತಂತಿಸುರುಳಿ ಅಯಸ್ಕಾಂತದ ನಡುವೆ ಅಲುಗಾಡಿ ವಿದ್ಯುತ್ ಹುಟ್ಟಿಸ್ತದೆ. ಹೊರಗಿನಿಂದ ಕರೆಂಟ್ ಬೇಡ. ಕಂಡೆನ್ಸರಿನಲ್ಲಿ ಬಹಳ ತೆಳುವಾದ ಪರದೆ, ಅದರ ಹಿಂದೆ ಒಂದು ತಟ್ಟೆ. ಅದಕ್ಕೆ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು. ಅಂಕಿ ನೋಡಿ: 1966ರಿಂದ ವೇದಿಕೆಗಳಲ್ಲಿ ಓಡಾಡ್ತಿರುವ ಶ್ಯೂರ್ ಎಸ್‌ಎಂ58 ಅನ್ನೋ ಡೈನಾಮಿಕ್ ಒಂದು ಪಾಸ್ಕಲ್ ಒತ್ತಡಕ್ಕೆ 1.85 ಮಿಲಿವೋಲ್ಟ್ ಕೊಡ್ತದೆ. ಆಡಿಯೋ ಟೆಕ್ನಿಕಾ ಎಟಿ2020 ಅನ್ನೋ ಕಂಡೆನ್ಸರ್ ಅದೇ ಒತ್ತಡಕ್ಕೆ 14.1 ಮಿಲಿವೋಲ್ಟ್. ಹತ್ತತ್ತಿರ ಏಳೂವರೆ ಪಟ್ಟು.

‘ಹಾಗಾದರೆ ಕಂಡೆನ್ಸರೇ ಒಳ್ಳೇದಲ್ಲವಾ?’ ಅಂತ ಕೇಳಬಹುದು. ಅದು ಆಯಿಯ ಧ್ವನಿಯನ್ನು ಏಳೂವರೆ ಪಟ್ಟು ಕೇಳುವಾಗ ಫ್ಯಾನನ್ನೂ ಅಷ್ಟೇ ಪಟ್ಟು ಕೇಳ್ತದೆ. ಸೂಕ್ಷ್ಮತೆ ಅಂದರೆ ವಿವೇಕ ಅಲ್ಲ. ಧ್ವನಿ ಮತ್ತು ಗದ್ದಲದ ನಡುವಿನ ಅಂತರ ಹೆಚ್ಚಿಸೋದು ದೂರ ಮಾತ್ರ. ಮೈಕನ್ನು 60 ಸೆಂ.ಮೀ.ನಿಂದ 15 ಸೆಂ.ಮೀ.ಗೆ ತಂದರೆ ಬಾಯಿಂದ ನೇರ ಬರುವ ಧ್ವನಿ ಸುಮಾರು 12 ಡೆಸಿಬೆಲ್ ಏರ್ತದೆ. ಗೋಡೆಯಿಂದ ವಾಪಸ್ ಬರುವ ಮಾರ್ದನಿ, ಫ್ಯಾನು, ಹೊರಗಿನ ಟ್ರ್ಯಾಕ್ಟರು ಇದ್ದಲ್ಲೇ ಇರ್ತವೆ.

ಈ ಮಾರ್ದನಿಯ ಹಿಂದೆ ನಮ್ಮ ಭಾಗದ ಒಂದು ದುಃಖದ ಕತೆಯೂ ಇದೆ. ಹಳೆಯ ಮನೆಗಳು ದಪ್ಪ ಕಲ್ಲು-ಮಣ್ಣಿನ ಗೋಡೆಯವು, ಮೇಲೆ ಮರದ ತೊಲೆ, ಅದರ ಮೇಲೆ ಮಣ್ಣಿನ ಮಾಳಿಗೆ. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪದಲ್ಲಿ ಔಸಾ, ಉಮರ್ಗಾ ಕಡೆಯ ಎಷ್ಟೋ ಹಳ್ಳಿಗಳು ಅದೇ ಗೋಡೆ, ಅದೇ ಮಾಳಿಗೆಯ ಭಾರಕ್ಕೆ ನೆಲಸಮ ಆದವು. ಆಮೇಲೆ ಜನ ಸಿಮೆಂಟಿನ ಮನೆ, ತಗಡಿನ ಮನೆ ನಂಬಿದರು. ಅದು ನ್ಯಾಯವೇ. ಆದರೆ ಮಣ್ಣು ಧ್ವನಿಯನ್ನು ನುಂಗ್ತಿತ್ತು, ಸಿಮೆಂಟು ವಾಪಸ್ ಎಸೀತದೆ. ಹತ್ತು ಬೈ ಹನ್ನೆರಡರ ಖೋಲಿಯಲ್ಲಿ ದೂರದಲ್ಲಿಟ್ಟ ಕಂಡೆನ್ಸರ್ ಮೊದಲು ಹಿಡಿಯೋದು ಆ ಖೋಲಿಯನ್ನೇ. ಹಲಗೆಯ ಮೇಲೆ ಸಾಲಾಗಿ ಜೋಡಿಸಿದ ಸ್ಟೀಲಿನ ಭಾಂಡೆ ಇರ್ತಾವಲ್ಲ, ಎತ್ತರದ ಸ್ವರಕ್ಕೆ ಅವೂ ಝಣ್ ಅಂತ ದನಿಗೂಡಿಸ್ತವೆ. ನೀವು ಗಮನಿಸೋದಿಲ್ಲ, ಮೈಕ್ ಗಮನಿಸ್ತದೆ.

ಇದಕ್ಕೆ ಮದ್ದು ಮನೆಯಲ್ಲೇ ಇದೆ, ಕೌದಿ. ಎಲ್ಲಿ ಕಟ್ಟಬೇಕು ಅನ್ನೋದನ್ನ ಮಾತ್ರ ಲಕ್ಷ್ಯ ಕೊಟ್ಟು ಕೇಳಿ. ಕಾರ್ಡಿಯಾಯ್ಡ್ ಅನ್ನುವ ಮಾದರಿಯ ಮೈಕ್ ಮುಂದಿನದನ್ನ ಚೆನ್ನಾಗಿ, ಹಿಂದಿನದನ್ನ ತೀರಾ ಕಡಿಮೆ ಕೇಳ್ತದೆ. ಅದರ ಮುಖ ಹಾಡುವವರ ಕಡೆ ಇರೋದರಿಂದ ಹಾಡುವವರ ಬೆನ್ನಹಿಂದಿನ ಗೋಡೆಯೇ ಅದಕ್ಕೆ ಕಾಣೋದು. ಕೌದಿ ಅಲ್ಲಿ ಬೇಕು. ಮೈಕಿನ ಹಿಂದೆ ಕಟ್ಟಿದರೆ ಲಾಭ ಕಡಿಮೆ. ಇನ್ನೂ ಒಳ್ಳೇದು, ಜೋಳ, ತೊಗರಿ, ಸೋಯಾಬೀನಿನ ಚೀಲ ಒಟ್ಟಿದ ಖೋಲಿ. ಸುಗ್ಗಿ ಆದ ಮೇಲೆ ಒಬ್ಬ ಕಾಕಾರ ಮನೆಯ ಅಂಥ ಖೋಲಿಯಲ್ಲಿ ಚಪ್ಪಾಳೆ ತಟ್ಟಿ ನೋಡಿದೆ. ಸದ್ದು ಅಲ್ಲಿಗಲ್ಲಿಗೇ ಸತ್ತುಹೋಯ್ತು. ಯಾವ ಸ್ಟುಡಿಯೋಕ್ಕೂ ಕಡಿಮೆ ಇಲ್ಲ.

ಇನ್ನು ಯಾರಿಗೆ ಯಾವ ಮೈಕ್. ಒಂದೇ ಕಡೆ ಕೂತು ಹಾರ್ಮೋನಿಯಂ ಹಿಡಿದು ತತ್ವಪದ, ಅಭಂಗ ಹಾಡುವ ಮುತ್ಯಾನಿಗೆ ಡೈನಾಮಿಕ್ ಕಾರ್ಡಿಯಾಯ್ಡ್ ಸಾಕು. ಅವರು ಗುಡಿಯಲ್ಲಿ ಅಹುಜಾ ಮೈಕಿಗೆ ಬಾಯಿ ಹಚ್ಚಿ ಹಾಡಿ ರೂಢಿ ಆದವರು; ಹತ್ತಿರ ಹಾಡಿ ಅಂತ ಹೇಳಿಕೊಡುವ ಕೆಲಸವೇ ಇಲ್ಲ. ಮೈಕಿನ ಬೆನ್ನು ತಾಳ ಬಾರಿಸುವವರ ಕಡೆ ಇರಲಿ. ಬಾಯಿಗೆ ನೇರ ಹಿಡಿಯದೆ ತುಟಿಯ ಮೂಲೆಗೆ ಓರೆಯಾಗಿ ಇಟ್ಟರೆ ಪ, ಬ, ಭ ಬಂದಾಗ ಗಾಳಿ ‘ಬುಫ್’ ಅಂತ ಬಡಿಯೋದಿಲ್ಲ. ಹತ್ತು ಸೆಂ.ಮೀ.ಗಿಂತ ಹತ್ತಿರ ಹೋದರೆ ಈ ಬಗೆಯ ಮೈಕು ತಗ್ಗಿನ ಸ್ವರವನ್ನು ಉಬ್ಬಿಸ್ತದೆ. ಕಿವಿಗೆ ಅದು ಹಿತ, ಆದರೆ ಸ್ವರ ಅಳೆಯುವವರಿಗೆ ಹಿತ ಅಲ್ಲ.

ಒಂದು ಎಚ್ಚರಿಕೆ. ಪಾಡ್‌ಕಾಸ್ಟಿನವರ ಮುಂದೆ ಕಾಣುವ ಶ್ಯೂರ್ ಎಸ್‌ಎಂ7ಬಿ ಮೇಲೆ ಆಸೆ ಪಡ್ತೀರಿ. ಅದಕ್ಕೆ ಸುಮಾರು 60 ಡೆಸಿಬೆಲ್ ವರ್ಧನೆ ಬೇಕು. ಎಂಬತ್ತರ ಆಯಿಯ ಕ್ಷೀಣ ಧ್ವನಿಗೆ ಅದನ್ನಿಟ್ಟು ಸಣ್ಣ ಇಂಟರ್‌ಫೇಸಿನಲ್ಲಿ ಪೂರ್ತಿ ತಿರುವಿದರೆ ‘ಸ್ಸ್’ ಅನ್ನುವ ಯಂತ್ರದ ಸದ್ದು ಮೇಲೆ ಬರ್ತದೆ, ನಾವು ಹುಡುಕುವ ಸ, ಚಗಳನ್ನೇ ಮುಚ್ಚುತ್ತದೆ. ದುಡ್ಡು ಜಾಸ್ತಿ, ಕೆಲಸ ಕಮ್ಮಿ.

ಬೀಸುವ ಪದಕ್ಕೆ ಬೇರೆ ಉಪಾಯ ಬೇಕು. ಕಲ್ಲು ತಿರುವುತ್ತಾ ಮೈ ಹಿಂದೆ ಮುಂದೆ ತೂಗ್ತದೆ; ಸ್ಟ್ಯಾಂಡಿನ ಮೈಕಿಗೆ ಬಾಯಿ ಒಮ್ಮೆ ಹತ್ತಿರ, ಒಮ್ಮೆ ದೂರ. ‘ಕಲ್ಲು ಬಿಟ್ಟು ಬರೀ ಹಾಡಿ’ ಅಂತ ಹೇಳುವವರೂ ಇದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ: ಕಲ್ಲಿನ ಗರಗರ ಗದ್ದಲ ಅಲ್ಲ, ಅದೇ ಅವರ ತಾಳ. ಕಲ್ಲು ನಿಂತರೆ ಎಷ್ಟೋ ಜನರಿಗೆ ಮುಂದಿನ ನುಡಿಯೇ ನೆನಪಾಗೋದಿಲ್ಲ. ಇಲ್ಲಿ ಬಟ್ಟೆಗೆ ಸಿಕ್ಕಿಸುವ ಸಣ್ಣ ಕಾಲರ್ ಮೈಕ್ ಒಳ್ಳೇದು. ಅದು ಹೆಚ್ಚಾಗಿ ಎಲ್ಲ ದಿಕ್ಕಿನಿಂದಲೂ ಕೇಳುವ ಜಾತಿ. ತಲೆ ಹೊರಳಿದರೂ ಧ್ವನಿ ಬದಲಾಗೋದು ಕಡಿಮೆ, ಹತ್ತಿರ ಇಟ್ಟರೂ ತಗ್ಗಿನ ಸ್ವರ ಉಬ್ಬೋದಿಲ್ಲ. ಆದರೆ ಪುಸ್ತಕದಲ್ಲಿ ಹೇಳಿದ ಜಾಗ, ಅಂದರೆ ಎದೆಯ ನಡುವೆ, ನಮ್ಮ ಆಯಂದಿರಿಗೆ ಹೊಂದೋದಿಲ್ಲ. ಕೊರಳಲ್ಲಿ ಲಿಂಗದ ಕರಡಿಗೆ ಇರ್ತದೆ, ಮಂಗಳಸೂತ್ರ ಇರ್ತದೆ; ಪ್ರತಿ ಸುತ್ತಿಗೂ ಟಕ್ ಟಕ್. ಕರಡಿಗೆ ತೆಗೀರಿ ಅಂತ ಕೇಳೋ ಮಾತೇ ಇಲ್ಲ. ಕಲ್ಲು ತಿರುವದ ಕೈಯ ಕಡೆ, ಭುಜದ ಹತ್ತಿರ ಕುಪ್ಪಸದ ಅಂಚಿಗೆ ಸಿಕ್ಕಿಸಿ, ಸೆರಗು ಉಜ್ಜದಂತೆ ನೋಡ್ಕೊಳ್ಳಿ. ಸಿಕ್ಕಿಸೋ ಕೆಲಸ ಸೊಸೆಯೋ ಮೊಮ್ಮಗಳೋ ಮಾಡಲಿ.

ಕಾಲರ್ ಮೈಕಿನ ಪಿನ್ನು ನೋಡಿ ತಗೊಳ್ಳಿ. ಮೊಬೈಲಿನದಕ್ಕೆ ಮೂರು ಕಪ್ಪು ಗೆರೆ, ಕ್ಯಾಮೆರಾದ್ದಕ್ಕೆ ಎರಡು. ತಪ್ಪು ಪಿನ್ ಹಾಕಿದರೆ ಮೊಬೈಲು ತನ್ನ ಮೈಕಿನಿಂದಲೇ ಸುಮ್ಮನೆ ದಾಖಲಿಸ್ತಾ ಹೋಗಬಹುದು. ಅದಕ್ಕೇ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆದು ಹೆಡ್‌ಫೋನಿನಲ್ಲಿ ಕೇಳಿ ಖಾತ್ರಿ ಮಾಡ್ಕೊಳ್ಳಿ. ವೈರ್‌ಲೆಸ್ ಸೆಟ್ಟುಗಳಲ್ಲಿ ಗದ್ದಲ ತೆಗೆಯುವ ಸೌಲಭ್ಯ ಇದ್ದರೆ ಆಫ್ ಮಾಡಿ. ಅದರ ಲೆಕ್ಕದಲ್ಲಿ ಬೀಸುಕಲ್ಲೂ ಗದ್ದಲ, ಏಕತಾರಿಯೂ ಗದ್ದಲ.

ಕಂಡೆನ್ಸರ್ ಬೇಡವೇ ಬೇಡ ಅಂತಲ್ಲ. ಚೀಲ ಒಟ್ಟಿದ ಖೋಲಿ, ಫ್ಯಾನ್ ಬಂದ್, ನಸುಕಿನ ನಾಲ್ಕು ಐದು ಗಂಟೆ, ಮೆಲುದನಿಯ ತೊಟ್ಟಿಲ ಪದ ಇಷ್ಟು ಕೂಡಿಬಂದರೆ ಅದರಷ್ಟು ಚೆಂದ ಯಾವುದೂ ಹಿಡಿಯೋದಿಲ್ಲ. ಬೀಸುವ ಪದದ ಹೊತ್ತೂ ಅದೇ ನಸುಕು ಅನ್ನೋದು ನಮ್ಮ ಭಾಗ್ಯ. ಉಮರ್ಗಾದ ಹೈವೇ ಹತ್ತಿರದ ಮನೆಗಳಲ್ಲಿ ಮಾತ್ರ ಆಗಲೂ ಲಾರಿ ನಿಲ್ಲೋದಿಲ್ಲ. ಕರೆಂಟ್ ಹೋದರೆ 48 ವೋಲ್ಟ್ ಎಲ್ಲಿಂದ ಬರ್ತದೆ ಅನ್ನೋದನ್ನೂ ಮೊದಲೇ ಯೋಚಿಸಿ. ಬ್ಯಾಟರಿಯ ರೆಕಾರ್ಡರ್ ಇದ್ದರೆ ನಿಶ್ಚಿಂತೆ.

ಕೊನೆಗೆ ಬಂದ ಪ್ರಶ್ನೆ: ‘ನನ್ನ ಹತ್ತಿರ ಮೊಬೈಲ್ ಒಂದೇ ಇದೆ. ಮುಂದಿನ ವಾರ ನಿಲಂಗಾಕ್ಕೆ, ಅಜ್ಜಿಯ ಊರಿಗೆ ಹೋಗ್ತಾ ಇದ್ದೀನಿ. ಕಾಯಲಾ?’

ಕಾಯಬೇಡಿ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಸಂಕುಚಿಸದ ವೇವ್ ಫೈಲ್ ಮಾಡುವ ಆ್ಯಪ್ ಹಾಕ್ಕೊಳ್ಳಿ. 48 ಕಿಲೋಹರ್ಟ್ಸ್, 24 ಬಿಟ್, ಮೋನೋ ಅಂದರೆ ಗಂಟೆಗೆ ಸುಮಾರು 518 ಎಂ.ಬಿ., ಅಷ್ಟು ಜಾಗ ಖಾಲಿ ಇರಲಿ. ಗದ್ದಲ ಕಡಿತ, ತಾನಾಗಿ ಧ್ವನಿ ಏರಿಸಿ ಇಳಿಸೋದು ಇವನ್ನು ಬಂದ್ ಮಾಡಿ. ಮಟ್ಟ ಮೈನಸ್ 12ರ ಆಸುಪಾಸು ಮುಟ್ಟಿದರೆ ಸಾಕು. ಮಡಚಿದ ಕೌದಿಯ ಮೇಲೆ ಮೊಬೈಲಿಟ್ಟು, ಅದರ ಕೆಳಗಿನ ತುದಿ ಅಜ್ಜಿಯ ಬಾಯಿಯ ಕಡೆ, ಒಂದು ಗೇಣು ದೂರದಲ್ಲಿ ಇರಲಿ. ಮೊದಲ 30 ಸೆಕೆಂಡು ಯಾರೂ ಮಾತಾಡಬೇಡಿ, ಖೋಲಿಯ ಸದ್ದಷ್ಟೇ ದಾಖಲಾಗಲಿ. ಆಮೇಲೆ ತಾರೀಖು, ಊರು ನೀವು ಹೇಳಿ, ‘ಇದನ್ನ ಬೇರೆಯವರು ಕೇಳಬಹುದಾ ಆಯಿ?’ ಅಂತ ಕನ್ನಡದಲ್ಲೇ ಕೇಳಿ. ಅವರ ಉತ್ತರವೂ ಅದೇ ಫೈಲಿನಲ್ಲಿ ಇರಲಿ. ಹಾಡು ಮುಗೀತು ಅಂತ ತಕ್ಷಣ ಬಂದ್ ಮಾಡಬೇಡಿ. ‘ಇದನ್ನ ನಮ್ಮವ್ವ ಬೇರೆ ನಮೂನಿ ಹಾಡ್ತಿದ್ಳು ನೋಡು’ ಅನ್ನೋ ಮಾತು ಆಮೇಲೇ ಬರೋದು. ವಾಟ್ಸಾಪಿನಲ್ಲಿ ಕಳಿಸಬೇಡಿ, ಅದು ಹಿಂಡಿ ಕಳಿಸಬಹುದು. ಪೆನ್‌ಡ್ರೈವಿನಲ್ಲಿ ತನ್ನಿ, ಒಂದು ಪ್ರತಿ ಅಜ್ಜಿಯ ಮನೆಯಲ್ಲೂ ಬಿಟ್ಟು ಬನ್ನಿ.