ಗೋಡೆಯ ಬಿರುಕು

ಯುಗಾದಿ ಹತ್ತಿರ ಬಂತು. ಗುತ್ತಲಿನ ಒಂದು ಹಳೇ ಹೆಂಚಿನ ಮನೆ. ಮಣ್ಣಿನ ಗೋಡೆ. ಸುಣ್ಣ ಬಳಿಯಬೇಕು. ಗಂಜಿ ಹಚ್ಚಿ ಗೋಡೆಗೆ ಅಂಟಿಸಿದ್ದ ಹಳೇ ಪೇಪರನ್ನು ಸೊಸೆ ಕಿತ್ತಳು. ಅದರ ಹಿಂದೆ ಉದ್ದನೆಯ ಬಿರುಕು!

"ಅತ್ತೆ, ಗೋಡೆ ಸೀಳು ಬಿಟ್ಟದೆ. ಮನೆ ಬಿದ್ದೋಯ್ತದಾ?"

"ಹಳೇ ಮನೆ ಅಂದ್ಮೇಲೆ ಇರ್ತದೆ ಬುಡವ್ವ. ಸುಣ್ಣ ಬಳಿ, ಮುಚ್ಚೋಯ್ತದೆ."

ಸೊಸೆಯ ಹೆದರಿಕೆ ಸರಿಯೆ? ಅತ್ತೆಯ ಧೈರ್ಯ ಸರಿಯೆ? ಬನ್ನಿ, ನೋಡೋಣ.

ಬಿರುಕು ಯಾಕೆ ಬರುತ್ತದೆ?

ಜೇಡಿಮಣ್ಣು ನೀರು ಕುಡಿದರೆ ಉಬ್ಬುತ್ತದೆ. ಒಣಗಿದರೆ ಕುಗ್ಗುತ್ತದೆ. ನಮ್ಮದು ನಾಲೆಯ ಸೀಮೆ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಬಂದಾಗ ಗದ್ದೆ ಬದಿಯ ನೆಲ ನೆನೆಯುತ್ತದೆ. ನೀರು ನಿಂತಾಗ ಒಣಗುತ್ತದೆ. ಸೂರಿನ ನೀರು, ಬಚ್ಚಲ ನೀರು ಗೋಡೆಯ ಬುಡಕ್ಕೆ ಇಳಿದರೆ ಪಾಯ ಒಂದು ಕಡೆ ಕುಸಿಯುತ್ತದೆ. ಆಗ ಗೋಡೆ ಸೀಳುತ್ತದೆ.

ಹೇಗೆ ಗುರುತಿಸುವುದು?

ಕೂದಲೆಳೆಯಂಥ ಬಿರುಕು ಹೆಚ್ಚಾಗಿ ಮೇಲಿನ ಗಾರೆಯದು. ಅದಕ್ಕೆ ಗಾಬರಿ ಬೇಡ. ಬಿರುಕಿನೊಳಗೆ ಒಂದು ರೂಪಾಯಿ ನಾಣ್ಯ ತೂರುತ್ತದೆಯೆ? ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗಿದೆಯೆ? ಒಳಗೂ ಹೊರಗೂ ಕಾಣುತ್ತದೆಯೆ? ಹಾಗಿದ್ದರೆ ಮೇಸ್ತ್ರಿಗೆ ತೋರಿಸಿ. ದಾರದ ತುದಿಗೆ ಕಲ್ಲು ಕಟ್ಟಿ ಗೋಡೆಯ ಪಕ್ಕ ಇಳಿಬಿಡಿ. ಗೋಡೆ ವಾಲಿದ್ದರೆ, ಉಬ್ಬಿದ್ದರೆ ಗೊತ್ತಾಗುತ್ತದೆ.

ಬಿರುಕು ಬೆಳೆಯುತ್ತಿದೆಯೆ?

ಇದೇ ಮುಖ್ಯ. ಬಿರುಕಿನ ಎರಡು ತುದಿಗೂ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಕು ಬರೆಯಿರಿ. ಬಿರುಕಿಗೆ ಅಡ್ಡಲಾಗಿ ತೆಳು ಕಾಗದದ ಪಟ್ಟಿ ಅಂಟಿಸಿ. ತಿಂಗಳಿಗೊಮ್ಮೆ ನೋಡಿ. ಬಿರುಕು ಗೆರೆ ದಾಟಿದ್ದರೆ, ಕಾಗದ ಹರಿದಿದ್ದರೆ ಬಿರುಕು ಬೆಳೆಯುತ್ತಿದೆ ಎಂದು ಅರ್ಥ.

ಏನು ಮಾಡಬೇಕು?

ಮೊದಲು ನೀರನ್ನು ಗೋಡೆಯಿಂದ ದೂರ ಹರಿಸಿ. ಆಮೇಲೆ ಬಿರುಕು ಮುಚ್ಚಿ. ಮಣ್ಣಿನ ಗೋಡೆಗೆ ಮಣ್ಣೇ ಮೆತ್ತಿ. ಸಿಮೆಂಟು ಗಟ್ಟಿ, ಮಣ್ಣು ಮೆದು. ಎರಡೂ ಕೂಡುವುದಿಲ್ಲ. ತೇವ ಒಳಗೇ ಉಳಿದು ಗೋಡೆ ಇನ್ನೂ ಸಡಿಲವಾಗುತ್ತದೆ.

ಮಳೆಯಲ್ಲಿ ಗೋಡೆ ಉಬ್ಬಿತೆ? ಮಣ್ಣು ಉದುರಿತೆ? ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಯಿತೆ? ಸಾಮಾನಿಗೆ ಕಾಯಬೇಡಿ. ಮಕ್ಕಳು, ಮುದುಕರನ್ನು ಕರೆದುಕೊಂಡು ಹೊರಗೆ ಬನ್ನಿ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ರಾಜ್ಯದಲ್ಲಿ ಸಾವಿರಾರು ಮನೆ ಬಿದ್ದವು. ಮನೆ ಮತ್ತೆ ಕಟ್ಟಬಹುದು, ಜೀವ ಕಟ್ಟಲಾಗದು.

ಸೊಸೆ ಗೆರೆ ಎಳೆದಳು. ಈಚೆಗೆ ಅಕ್ಷರ ಕಲಿತ ಅತ್ತೆ ತಾವೇ ತಾರೀಕು ಬರೆದರು. ಮಳೆಗಾಲದಲ್ಲಿ ಕಾಗದ ಹರಿಯಿತು. ಮೇಸ್ತ್ರಿ ಬಂದು ನೋಡಿದರು. ಬಚ್ಚಲ ನೀರು ಗೋಡೆಯ ಬುಡದಲ್ಲೇ ಇಂಗುತ್ತಿತ್ತು! ಕಾಲುವೆ ತೋಡಿ ನೀರನ್ನು ಆಚೆ ಬಿಟ್ಟರು. ಹೊಸ ಕಾಗದ ಅಂಟಿಸಿ, ಅತ್ತೆ ಮತ್ತೆ ತಾರೀಕು ಬರೆದರು. ಆ ಕಾಗದ ಇನ್ನೂ ಹರಿದಿಲ್ಲ.

ನಿಮ್ಮ ಮನೆಯ ಗೋಡೆಯನ್ನೂ ಇವತ್ತೇ ನೋಡಿ. ತಾರೀಕು ಬರೆದಿಡಿ.