ಮಾಸು ಒಂದೋ, ಎರಡೋ?

ಮೂರು ತಿಂಗಳಿಗೇ ಹೊಟ್ಟೆ ಎದ್ದು ಕಂಡರೆ ನಮ್ಮ ಕಡೆ ಹಿರಿಯ ಹೆಂಗಸರು ಸುಮ್ಮನಿರುವುದಿಲ್ಲ. ‘ಜೋಡಿ ಬಾಳೆಹಣ್ಣು ತಿಂದಿದ್ದೇನ?’ ಎಂದು ಕೇಳುತ್ತಾರೆ. ಹಣ್ಣಿಗೂ ಅವಳಿ ಮಕ್ಕಳಿಗೂ ನಂಟಿಲ್ಲ. ಹೊಟ್ಟೆ ಬೇಗ ಕಾಣುತ್ತದೆ ಎನ್ನುವ ಮಾತು ಮಾತ್ರ ಸುಳ್ಳಲ್ಲ.

ಅವಳಿ ಬಸಿರಲ್ಲಿ ಎಚ್‌ಸಿಜಿ ಎಂಬ ಬಸಿರಿನ ಹಾರ್ಮೋನು ಹೆಚ್ಚಿರುತ್ತದೆ. ರೊಟ್ಟಿ ಬೇಯುವ ವಾಸನೆಗೇ ಹೊಟ್ಟೆ ತೊಳಸುತ್ತದೆ, ಹಗಲೆಲ್ಲ ನಿದ್ದೆ ಎಳೆಯುತ್ತದೆ. ಗರ್ಭಕೋಶ ಬೇಗ ಹಿಗ್ಗುವುದರಿಂದ ಕಿಬ್ಬೊಟ್ಟೆಯ ಎರಡೂ ಬದಿ ಜಗ್ಗಿದಂತಾಗುತ್ತದೆ. ಮಗ್ಗಲು ಬದಲಿಸಿದರೆ, ಸೀನಿದರೆ ಚಳಕು ಹೊಡೆಯುತ್ತದೆ. ಒಂಟಿ ಬಸಿರಲ್ಲೂ ಇವೆಲ್ಲ ಇರುವುದರಿಂದ ವಾಕರಿಕೆ ನೋಡಿ ಮಕ್ಕಳನ್ನು ಎಣಿಸಲಾಗದು. ಕುಡಿದ ನೀರೂ ನಿಲ್ಲದಿದ್ದರೆ, ರಕ್ತ ಕಂಡರೆ, ಒಂದೇ ಬದಿಗೆ ತಡೆಯಲಾರದ ನೋವು ಬಂದರೆ ಮಾತ್ರ ‘ಬಸುರಂದ್ರ ಹಂಗ’ ಎಂದು ಕೂರಬಾರದು. ರಕ್ತ ಕಂಡಿತೆಂದರೆ ಎಲ್ಲ ಮುಗಿಯಿತೆಂದೂ ಅಲ್ಲ. ಕೆಲವೊಮ್ಮೆ ಒಂದು ಕೂಸು ಮೊದಲ ತಿಂಗಳುಗಳಲ್ಲೇ ಕರಗಿ, ಇನ್ನೊಂದು ಚೆನ್ನಾಗಿ ಬೆಳೆಯುತ್ತದೆ.

ಅವಳಿ ಎಂದು ಗೊತ್ತಾದ ದಿನ ಮನೆಯವರು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಮಾಸು ಒಂದೋ, ಎರಡೋ? ಇದಕ್ಕೆ ಸರಿಯಾದ ಸಮಯ 11ರಿಂದ 14ನೇ ವಾರದ ಸ್ಕ್ಯಾನ್. ಎರಡು ಮಾಸು ಇದ್ದು ಅವು ಕೂಡಿಕೊಂಡಿದ್ದರೆ, ಕೂಸುಗಳ ನಡುವಿನ ಪೊರೆ ಮಾಸನ್ನು ಸೇರುವಲ್ಲಿ ದಪ್ಪ ತ್ರಿಕೋನದಂತೆ ಕಾಣುತ್ತದೆ. ಒಂದೇ ಆಗಿದ್ದರೆ ಸಾಮಾನ್ಯವಾಗಿ ತೆಳ್ಳನೆಯ ಪೊರೆ ನೆಟ್ಟಗೆ ಬಂದು ನಿಲ್ಲುತ್ತದೆ. ವಾರಗಳು ಕಳೆದಂತೆ ಈ ಗುರುತು ಮಸುಕಾಗುತ್ತದೆ. ಒಂದೇ ಮಾಸು ಹಂಚಿಕೊಂಡ ಅವಳಿಗಳಲ್ಲಿ ನೂರಕ್ಕೆ ಹತ್ತು–ಹದಿನೈದು ಬಸಿರಲ್ಲಿ ಒಂದರ ರಕ್ತ ಇನ್ನೊಂದಕ್ಕೆ ಹರಿದು ಎರಡೂ ಅಪಾಯಕ್ಕೆ ಸಿಲುಕುತ್ತವೆ. ಅದಕ್ಕೇ 16ನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಸ್ಕ್ಯಾನ್ ಆಗಬೇಕು. ಗಂಡೋ ಹೆಣ್ಣೋ ಎಂದು ಹೇಳುವುದನ್ನು 1994ರ ಕಾನೂನು ನಿಷೇಧಿಸಿದೆ. ಮಾಸಿನ ಬಗ್ಗೆ ಕೇಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಅದನ್ನು ವರದಿಯಲ್ಲಿ ಬರೆಸಿಕೊಳ್ಳಿ.

ನಮ್ಮ ಕಡೆ, ಮಹಾರಾಷ್ಟ್ರದ ಗಡಿಯ ಜತ್ ತಾಲ್ಲೂಕಿನಲ್ಲಿ, ಈ ಸ್ಕ್ಯಾನ್ ಮಾಡಿಸುವುದು ಸುಲಭವಲ್ಲ. ಇದು ಬರದ ಸೀಮೆ. ಎಷ್ಟೋ ಜನರ ಮನೆಮಾತು ಕನ್ನಡ, ಸರ್ಕಾರಿ ಕಾಗದ ಮರಾಠಿ. ದೊಡ್ಡ ಆಸ್ಪತ್ರೆ ಬೇಕೆಂದರೆ ಒಂದು ಕಡೆ ಮಿರಜ್–ಸಾಂಗ್ಲಿ, ಇನ್ನೊಂದು ಕಡೆ ಗಡಿ ದಾಟಿ ವಿಜಯಪುರ. ದೀಪಾವಳಿ ಸುಮಾರಿಗೆ ಈ ತಾಲ್ಲೂಕಿನ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಹೋಗುತ್ತವೆ, ಬಸುರಿಯರೂ ಹೋಗುತ್ತಾರೆ. ಮೊದಲ ಸ್ಕ್ಯಾನಿನ ಆ ಮೂರು ವಾರ ಗದ್ದೆಯ ಗುಡಿಸಲಲ್ಲೇ ಕಳೆದುಹೋಗುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಅವಳಿ ಬಸಿರನ್ನು ಅಲ್ಲಿ ಹೆಚ್ಚು ಅಪಾಯದ ಬಸಿರೆಂದು ಗುರುತಿಸಬೇಕು. ಕಬ್ಬು ಕಡಿಯುವ ತಂಡದ ಮೇಸ್ತ್ರಿಗೆ, ಅಂದರೆ ಟೋಳಿಯ ಮುಕಾದಮನಿಗೆ, ಈ ತಾರೀಖು ಗೊತ್ತಿರಬೇಕು, ಆ ದಿನದ ಕೂಲಿ ಕಡಿಯಬಾರದು.

ಕಬ್ಬಿಣದ ಮಾತ್ರೆಯನ್ನೂ ಬಿಡುವಂತಿಲ್ಲ. ಎರಡು ಕೂಸಿಗೆ ರಕ್ತ ಹೆಚ್ಚು ಬೇಕು. ಸರ್ಕಾರ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವಿರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಅವಳಿ ಬಸಿರಿಗೆ ಎಷ್ಟು ಬೇಕೆಂದು ವೈದ್ಯರು ಹೇಳುತ್ತಾರೆ. ಮಲ ಕಪ್ಪಗಾಯಿತೆಂದು ಹೆದರಿ ಎಸೆಯುವವರಿದ್ದಾರೆ. ಅದು ಮಾತ್ರೆಯ ಕಬ್ಬಿಣದಿಂದ ಬಂದ ಬಣ್ಣ, ರೋಗವಲ್ಲ. ಚಹಾದ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಲಿಂಬೆಹಣ್ಣಿನ ಪಾನಕ ಒಳ್ಳೆಯದು.

ಅವಳಿ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಯಾವ ಆಸ್ಪತ್ರೆಯಲ್ಲಿ ಎಳೆಗೂಸುಗಳ ಘಟಕವಿದೆ, ರಾತ್ರಿ ಯಾರ ಗಾಡಿ ಸಿಗುತ್ತದೆ ಎಂಬುದನ್ನು ಕುಬಸಕ್ಕೆ ಮುಂಚೆಯೇ ಮನೆಯವರು ಕೂತು ನಿಶ್ಚಯಿಸಲಿ.